ನಾಲ್ಕು ಬೆರಳು

ಆರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ಈರವ್ವ ಬಂದು ಕೂತಳು. ರತ್ನವ್ವ ತಟ್ಟುವ ಕೈ ನಿಲ್ಲಿಸದೆ, "ಬಾರವಾ, ಗೋಪನಕೊಪ್ಪದಿಂದ ಬಂಡ್ಯಾಗ ಬಂದಿಯೇನು?" ಎಂದಳು.

"ಬಂಡ್ಯಾಗ ನನಗೆಲ್ಲಿ ಜಾಗಾರಿ ಅಕ್ಕಾರ? ಹತ್ತಿ ಮಹಾರಾಣಿಹಂಗ ಕೂತು ಬಂತು, ನಾ ಹಿಂದಿಂದ ನಡಕೋತ ಬಂದೆ."

ಸೊಸೆ ಮಂದಿಯ ಮುಂದೆ ನಗಬಾರದೆಂದು ಸೆರಗು ಬಾಯಿಗೆ ಹಿಡಿದಳು. ಎಣ್ಣೆಗಾಯಿಯ ಬೋಗಣಿ ಅವಳ ಪಾಲಿಗಿತ್ತು. ಹತ್ತಿಯ ಸುಗ್ಗಿ ಮುಗಿಯುವ ತನಕ ರತ್ನವ್ವ ಎಣ್ಣೆ ತುಪ್ಪ ಮುಟ್ಟುತ್ತಿರಲಿಲ್ಲ. ಅವಳ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುವುದೂ ಸೊಸೆಯೇ. ಅದೇನೋ ವ್ರತವೆಂದು ಓಣಿಯ ಹೆಂಗಸರು ತಿಳಿದಿದ್ದರು. ರತ್ನವ್ವ ಇಲ್ಲವೆಂದಿರಲಿಲ್ಲ.

"ಹತ್ತಿ ಮಾದರಿ ಕೊಟ್ಟಿಯೇನು?"

"ಮುಂಜಾನೇನ ನಿಮ್ಮ ಯಜಮಾನ್ರ ಕೈಯಾಗ ಕೊಟ್ಟೇನ್ರಿ. ಒಂದ ಎಲಿಚೂರು ಸಿಕ್ಕರ ನನ್ನ ಹೆಸರು ಬ್ಯಾರೆ ಇಡ್ರಿ. ಇನ್ನ ಆ ನಾಲ್ಕು ಬೆರಳಿನವರು ಏನಂತಾರೋ…" ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು.

"ಅನ್ನವಾ, ಊರ ಅಂತೈತಿ," ಎಂದು ರತ್ನವ್ವ ರೊಟ್ಟಿ ತಿರುವಿದಳು.

ಊರೇ ಇಟ್ಟ ಹೆಸರು ಅದು. ರತ್ನವ್ವನ ಗಂಡ ಸಿದ್ದಲಿಂಗಪ್ಪ, ಕುಬೇರಪ್ಪ, ಯಂಕಣ್ಣ, ಶಾಂತಯ್ಯ: ಹುಬ್ಬಳ್ಳಿಯ ಹತ್ತಿ ಬಜಾರದಲ್ಲಿ ಇವರದು ನಾಲ್ಕೇ ಅಂಗಡಿ ದೊಡ್ಡವು. ಅಲ್ಲಿ ದರ ಬಾಯಲ್ಲಿ ಹೇಳುವ ರೂಢಿಯಿಲ್ಲ. ಶಲ್ಯದ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಒತ್ತಿದರೆ ಅದೇ ಮಾತು. ಈ ನಾಲ್ವರು ಬೆರಳು ಮಡಚಿದ ಮೇಲೆ ಬಜಾರದಲ್ಲಿ ಮತ್ತಾರೂ ಬೆರಳು ಬಿಚ್ಚುತ್ತಿರಲಿಲ್ಲ.

ಈರವ್ವನಿಗೆ ಸಲಿಗೆ ಸಿಕ್ಕಿತು. "ಹಂಗಾರ ಒಂದ ಮಾತ ಕೇಳತೇನ್ರಿ. ಬರೇ ನಾಲ್ಕು ಬೆರಳಿಲೆ ಒಂದ ತುತ್ತರೆ ಎತ್ತಾಕ ಬರತೈತೇನ್ರಿ?" ಹೆಬ್ಬೆರಳು ಮಡಚಿಕೊಂಡು, ತನ್ನ ಮುಂದಿನ ರೊಟ್ಟಿಯ ಚೂರನ್ನು ಎತ್ತಲು ಹೋಗಿ ಬೀಳಿಸಿ ತೋರಿಸಿದಳು. ಈ ಸಲ ಸೊಸೆ ಕಿಸಕ್ಕನೆ ನಕ್ಕೇಬಿಟ್ಟಳು. ರತ್ನವ್ವ ಮಾತ್ರ ತನ್ನ ಹಿಟ್ಟು ಹತ್ತಿದ ಕೈಯನ್ನೇ ಒಂದು ಗಳಿಗೆ ನೋಡಿದಳು.

ಅಷ್ಟರಲ್ಲಿ ಸಿದ್ದಲಿಂಗಪ್ಪ ದೇವರ ಕೋಣೆಯಿಂದ ಕೆಮ್ಮಿದ. ಅವಳು ಕೈ ತೊಳೆದು, ಒಣ ಅರಿವೆಯಿಂದ ಒಂದೊಂದೇ ಬೆರಳು ಒರೆಸಿಕೊಂಡು ಹೋದಳು.

ಕರಿಯ ಕಂಬಳಿಯ ಮೇಲೆ ಬಿಳಿ ಅರಿವೆಯ ಐದು ಪುಟ್ಟ ಪೊಟ್ಟಣಗಳಿದ್ದವು. ಐದು ಕಡೆಯ ಹತ್ತಿಯ ಮಾದರಿ. ಇಪ್ಪತ್ತೆಂಟು ಸುಗ್ಗಿಯಿಂದ ಹೀಗೇ ನಡೆದಿತ್ತು. ಅವಳು ಬಿಚ್ಚಿ, ಎಳೆ ಎಳೆದು ನೋಡಿ, ಮತ್ತೆ ಕಟ್ಟುವಳು. ಎಲ್ಲಕ್ಕಿಂತ ಉತ್ತಮವಾದದ್ದಕ್ಕೆ ಒಂದು ಗಂಟು, ಅದಕ್ಕಿಂತ ಇಳಿದದ್ದಕ್ಕೆ ಎರಡು, ಹೀಗೆ ಐದರ ತನಕ. ಯಾರ ಮಾಲೆಂಬ ಗುರುತು ಅರಿವೆಯ ಒಳಮಗ್ಗುಲಲ್ಲಿ ಇರುತ್ತಿತ್ತು, ಅದನ್ನು ಓದಬಲ್ಲವರು ಅಂಗಡಿಯವರಷ್ಟೇ. ಒಂದು ಗಂಟಿನ ಮಾಲೆಂದರೆ ಮುಂಬಯಿಯ ಗಿರಣಿಯವರು ಕಣ್ಣು ಮುಚ್ಚಿ ಒಯ್ಯುತ್ತಿದ್ದರು. ಪೂಜೆ ಮುಗಿಸಿ ಸಿದ್ದಲಿಂಗಪ್ಪನೇ ಕಟ್ಟುತ್ತಾನೆಂದು ಉಳಿದ ಮೂವರೂ ನಂಬಿದ್ದರು.

"ಪಡಸಾಲ್ಯಾಗ ಮೂವರ ಜೋಡಿ ಗಿರಣಿಯಾಂವಾನೂ ಬಂದಾನ. ಲಗೂ ಆಗಬೇಕು," ಎಂದ ಅವನು, ದನಿ ತಗ್ಗಿಸಿ. "ನಿನ್ನಿ ನಾಲ್ಕೂ ಮಂದಿ ಮಾತಾಡೇವಿ. ಈ ವರ್ಷ ಕುಬೇರಪ್ಪಂದು ಮೊದಲು. ಅದರಾಗ ಕೆಂಪು ದಾರ ಇಟ್ಟೇನಿ. ಅದಕ್ಕ ಒಂದು ಗಂಟು ಹಾಕಿಬಿಡು."

"ಕೈ ಏನಂತೈತಿ ನೋಡಬ್ಯಾಡೇನ್ರಿ?"

"ನೋಡು, ಬ್ಯಾಡಂದವರ್ಯಾರು? ಆದ್ರ ಗಂಟು ಕೆಂಪು ದಾರಕ್ಕ. ನಾಲ್ಕರಾಗ ಒಂದು ಬೆರಳು ಮುನಿಸಿಕೊಂಡ್ರ ಬಜಾರ ನಮ್ಮನ್ನ ನುಂಗ್ತೈತಿ. ಒಂದ ವರ್ಷದ ಮಾತು."

"ಅಂವ ಬಿಚ್ಚಿ ಎಳದು ನೋಡಿದ್ರ?"

ಸಿದ್ದಲಿಂಗಪ್ಪ ನಕ್ಕ. "ಇಪ್ಪತ್ತೆಂಟು ವರ್ಷದಾಗ ಯಾರು ನೋಡ್ಯಾರ? ಗಂಟು ನೋಡತಾರ, ಒಯ್ತಾರ."

ಅವನು ಜಂಬದಿಂದಲೇ ಅಂದ. ಅದು ಯಾರ ಜಂಬವೆಂದು ಅವನಿಗೆ ನೆನಪಿರಲಿಲ್ಲ. ಪಡಸಾಲೆಯಿಂದ ಕುಬೇರಪ್ಪನ ದನಿ ಬಂತು: "ಏನಪಾ ಸಿದ್ದಲಿಂಗಪ್ಪಾ, ನಿನ್ನ ದೇವರು ಇನ್ನೂ ಎದ್ದಿಲ್ಲೇನು?" ಎಲ್ಲರೂ ನಕ್ಕರು. ಅವನು ಬಾಗಿಲು ಮುಂದೆ ಮಾಡಿ, ಅವರ ಕಣ್ಣಿಗೆ ಬೀಳದಂತೆ ನಡುಮನೆಯಲ್ಲೇ ಕಾದು ನಿಂತ.

ರತ್ನವ್ವ ಕೂತಳು. ಮೊದಲು ಕೆಂಪು ದಾರದ್ದನ್ನೇ ಬಿಚ್ಚಿದಳು. ಕಣ್ಣಿಗೆ ಬೆಳ್ಳಗಿತ್ತು, ಬೀಜದಿಂದ ಎಳೆ ಬಿಡಿಸಿ ಎಳೆದರೆ ಬೆರಳಿಗೆ ಬರುವ ಮುಂಚೆಯೇ ತುಂಡಾಗುತ್ತಿತ್ತು. ತೂಕಕ್ಕೆಂದು ನೀರು ಹೊಡೆದ ವಾಸನೆಯೂ ಇತ್ತು. ಎರಡನೆಯದು, ಮೂರನೆಯದು ನಡುತರ. ನಾಲ್ಕನೆಯದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದಾಗ ಎಳೆ ಬಂತು, ಮತ್ತೆ ಬಂತು, ಬಾಚಿದ ಕೂದಲಿನಂತೆ ಕಂಬಳಿಯ ಮೇಲೆ ಸಾಲಾಗಿ ಮಲಗಿತು. ಒಂದು ಎಲೆಚೂರಿಲ್ಲ. ಅದು ಯಾರದೆಂದು ಅವಳಿಗೆ ತಿಳಿಯುವಂತಿರಲಿಲ್ಲ. ತಿಳಿಯಿತು. ಐದನೆಯದನ್ನೂ ಬಿಡದೆ ಎಳೆದು ನೋಡಿದಳು. ನೋಡದೆ ಕಟ್ಟಿದವಳು ಅವಳಲ್ಲ.

ಅಣ್ಣಿಗೇರಿಯ ತವರಿನಲ್ಲಿ, ಲಂಗ ಉಡುವ ವಯಸ್ಸಿನಲ್ಲಿ, ಅಪ್ಪ ಅವಳ ಬೆರಳು ಹಿಡಿದು ಕಲಿಸಿದ್ದ. "ಹತ್ತಿ ಸುಳ್ಳು ಹೇಳೂದಿಲ್ಲ ತಂಗಿ. ಹಿಡಿದವರ ಕೈ ಹೇಳತಾವ." ಮದುವೆಯ ವರ್ಷ ಸಿದ್ದಲಿಂಗಪ್ಪನದು ಬಜಾರದ ಮೂಲೆಯ ಒಂದು ಸಣ್ಣ ಕಟ್ಟೆ. ಅವನನ್ನು ಬೆರಳು ಎಂದು ಯಾರೂ ಕರೆದಿರಲಿಲ್ಲ. ಅಂದಿನಿಂದ ಕಟ್ಟಿದ ಗಂಟುಗಳಲ್ಲಿ ಒಂದೂ ತಿರುಗಿ ಬಂದಿರಲಿಲ್ಲ. ಇದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಒಬ್ಬಳೇ ಇದ್ದಾಗ ಮಾತ್ರ, ಪೆಟ್ಟಿಗೆ ತೆಗೆದು ಬಂಗಾರ ನೋಡಿಕೊಂಡಂತೆ, ಒಮ್ಮೊಮ್ಮೆ ನೆನೆಸಿಕೊಳ್ಳುತ್ತಿದ್ದಳು.

"ಆತೇನು?" ಬಾಗಿಲ ಸಂದಿಯಿಂದ ಸಿದ್ದಲಿಂಗಪ್ಪ ಪಿಸುಗುಟ್ಟಿದ.

"ತಡೀರಿ."

ಕುಬೇರಪ್ಪನ ಮಾದರಿಯಿಂದ ಕೆಂಪು ದಾರವನ್ನು ಎಳೆದು ತೆಗೆದು, ಆ ಅರಿವೆಗೆ ಸಾವಕಾಶ ಐದು ಗಂಟು ಹಾಕಿದಳು. ನಡುವಿನವು ಮೂರಕ್ಕೂ ಅವುಗಳ ಪಾಲಿನಷ್ಟು. ಕಡೆಗೆ ಈರವ್ವನದು. ಒಂದೇ ಗಂಟು. ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡಿದಳು.

"ಆತ್ರಿ. ಒಯ್ರಿ."

ಅವನು ಬಂದು ಐದನ್ನೂ ತಟ್ಟೆಯಲ್ಲಿಟ್ಟು ಎತ್ತಿಕೊಂಡ. ಒಂದು ಗಂಟಿನದು ಕುಬೇರಪ್ಪನದೆಂದೇ ನಂಬಿ, ಗಂಟು ಎಣಿಸಿದನೇ ಹೊರತು ಅವಳ ಮುಖ ನೋಡಲಿಲ್ಲ. "ಛಲೋ," ಎಂದು ಪಡಸಾಲೆಗೆ ನಡೆದ. ನಾಲ್ವರ ನಗುವಿನ ನಡುವೆ ತಟ್ಟೆ ಇಟ್ಟ ಸದ್ದಾಯಿತು.

ಕೆಂಪು ದಾರ ಅವಳ ಅಂಗೈಯಲ್ಲೇ ಇತ್ತು. ಎಳೆದು ನೋಡಿದಳು. ದಾರ ಗಟ್ಟಿಯಾಗಿತ್ತು. ಕೌದಿ ಹೊಲಿಯುವ ಡಬ್ಬಿ ತೆಗೆದು ಸೂಜಿಯ ಪಕ್ಕ ಸುತ್ತಿಟ್ಟು, ರೊಟ್ಟಿಯ ಹಂಚು ಕಾದಿರಬೇಕೆಂದು ಒಳಗೆ ಹೋದಳು.