ಮಂಕರಿ ಕೆಳಗಿನ ಹರಕೆ ಕೋಳಿ

ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ಹೆಗ್ಗನಹಳ್ಳಿ ಮುಟ್ಟುವಷ್ಟರಲ್ಲಿ ನನ್ನ ಕಾಲು ಸೋತಿರುತ್ತದೆ. ನಾನು ನೀಲಗಂಗಮ್ಮ, ಹೆರಿಗೆ ಮಾಡಿಸುವ ಸರ್ಕಾರಿ ದಾದಿ. ಊರವರಿಗೆ ನರ್ಸಮ್ಮ. ಹೇಳಿದ್ದನ್ನೇ ಹೇಳಿ ಬಾಯಿಯೂ ಸೋತಿದೆ. ಆದರೂ ಹೇಳದೆ ವಿಧಿಯಿಲ್ಲ.

ಚಿಕ್ಕಲಕ್ಷ್ಮಮ್ಮನ ಮಗಳು ಮುನಿಲಕ್ಷ್ಮಮ್ಮ ಆರು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಹೋದ ವರ್ಷ ಹುಟ್ಟಿದ ಮಗು ಉಳಿದಿರಲಿಲ್ಲ. ಈಗಲೂ ಹುಡುಗಿ ಬಿಳಿಚಿಕೊಂಡಿದ್ದಳು, ನಾಲ್ಕು ಹೆಜ್ಜೆ ಇಟ್ಟರೆ ಕೂತುಬಿಡುತ್ತಿದ್ದಳು. ನನಗೆ ನಿಜಕ್ಕೂ ಭಯವಾಯಿತು.

"ಹಸು ಹಾಲು ಕೊಡುತ್ತಾ?" ಎಂದು ಕೇಳಿದೆ.

"ಬತ್ತೋಗೈತೆ ಕಣಮ್ಮ," ಎಂದಳು ಚಿಕ್ಕಲಕ್ಷ್ಮಮ್ಮ.

"ಹಾಗಾದ್ರೆ ದಿನಾ ಒಂದು ಮೊಟ್ಟೆ ಬೇಯಿಸಿ ಕೊಡಿ. ಕೋಳಿ ಇದಾವಲ್ಲ?"

ಜಗಲಿ ಮೂಲೆಯಲ್ಲಿ ಬಿದಿರಿನ ದೊಡ್ಡ ಬುಟ್ಟಿ, ಮಂಕರಿಯನ್ನು ಬೋರಲು ಹಾಕಿ, ಮೇಲೊಂದು ಕಲ್ಲು ಹೇರಿದ್ದರು. ಒಳಗೆ ಮೂರು ಕೋಳಿಗಳು ಮುದುಡಿ ಕೂತಿದ್ದವು.

"ಅವು ಮಾರಮ್ಮನ ಹರಕೆ ಕೋಳಿ. ಹೋದ್ಸಲ ಹರಕೆ ಕೋಳೀನ ಕಾಡುಬೆಕ್ಕು ಹೊತ್ಕೊಂಡೋಯ್ತು, ಹಿಂದೇನೇ ಮಗೂನೂ ಹೋಯ್ತು. ಹೆರಿಗೆ ಆಗೋಗಂಟ ಮಂಕ್ರಿ ಎತ್ತಾಕಿಲ್ಲ. ಮೊಟ್ಟೆ ಇಕ್ಕೋದೂ ನಿಲ್ಸವೆ. ಅಲ್ಲಾ, ನೀವು ಮೊಟ್ಟೆ ಮುಟ್ಟಾಕಿಲ್ಲ, ನಮ್ಗೆ ತಿನ್ನಿ ಅಂತೀರಲ್ಲ!"

"ನಾನು ಲಿಂಗ ಕಟ್ಟಿದವಳು, ತಿನ್ನಲ್ಲ. ನಾನು ಬಸುರಿ ಆದಾಗ ಮನೇಲಿ ಹಾಲು ಮೊಸರು ಇತ್ತು. ನಿಮ್ಮನೇಲಿ ಇರೋದು ಕೋಳಿ. ಕಾಡುಬೆಕ್ಕು ಬಂದಿದ್ದು ಯಾವ ಹೊತ್ತಲ್ಲಿ?"

"ಕತ್ಲಾದ ಮ್ಯಾಲೆ."

"ಮತ್ತೆ ಹಗಲು ಏನು ತಪ್ಪು ಮಾಡ್ತು? ಬಿಸಿಲು, ಸೊಪ್ಪು, ತಿಪ್ಪೆ ಹುಳ ಸಿಕ್ರೆ ತಾನೇ ಕೋಳಿ ಮೊಟ್ಟೆ ಇಡೋದು? ಬೆಳಗ್ಗೆ ಬಿಡಿ, ನೀರಿಡಿ, ಹೊತ್ತು ಮುಳುಗೋ ಮುಂಚೆ ಕರೆದು ಮತ್ತೆ ಮಂಕರಿ ಮುಚ್ಚಿ. ಹರಕೆ ಹೊತ್ತಿದ್ದು ಕೋಳೀನ, ಮೊಟ್ಟೇನ ಅಲ್ಲವಲ್ಲ?"

"ಕಳ್ದೋದ್ರೆ? ನನ್ ಮಗಳಿಗೇನಾದ್ರೂ ಆದ್ರೆ ನೀವು ತಂದ್ಕೊಡ್ತೀರಾ?"

ನಾನು ಹೊರಡಲು ಚೀಲ ಎತ್ತಿಕೊಂಡೆ. ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಗೋಡೆ ಹಿಡಿದುಕೊಂಡು ಆಚೆ ಬಂದಳು.

"ಅವ್ವಾ, ಕೋಳಿ ಉಳಿಸ್ಕೊಂಡು ನನ್ನ ಕಳ್ಕೊತೀಯಾ?"

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ತಾನೇ ಕಲ್ಲು ಇಳಿಸಿದಳು. ಕೋಳಿಗಳಿಗೆ ಮೊದಲು ನಿಲ್ಲಲೂ ಆಗಲಿಲ್ಲ. ಆಮೇಲೆ ಮೆಲ್ಲಗೆ ತಿಪ್ಪೆ ಕಡೆ ಹೋದವು.

ಮೂರು ವಾರ ಬಿಟ್ಟು ನಾನು ಮತ್ತೆ ಹೋದಾಗ ಚಿಕ್ಕಲಕ್ಷ್ಮಮ್ಮ ಒಂದು ಮೊಟ್ಟೆ ತಂದು ನನ್ನ ಅಂಗೈಗೆ ಇಟ್ಟೇಬಿಟ್ಟಳು. ನಾನು ಮೊಟ್ಟೆ ಮುಟ್ಟಿದ್ದು ಅದೇ ಮೊದಲು. ಇನ್ನೂ ಬೆಚ್ಚಗಿತ್ತು.

ಒಂದು ಕೋಳಿ ಕಾವಿಗೆ ಕೂತು ಎಂಟು ಮರಿ ಮಾಡಿತು. ಉಳಿದೆರಡರ ಮೊಟ್ಟೆ ಮಗಳಿಗೆ. ಮೊಟ್ಟೆಯೊಂದೇ ಕಾಪಾಡಿತು ಎನ್ನಲಾರೆ, ಸೊಪ್ಪು ಕಾಳೂ ತಿಂದಳು, ಸಾಕಷ್ಟು ಮಲಗಿದಳು. ಹೆಣ್ಣು ಮಗು ಹುಟ್ಟಿತು. ಕೇರಿಗೆಲ್ಲ ಕೇಳುವಂತೆ ಅತ್ತಿತು. ಮಾರಮ್ಮನ ಹರಕೆಯೂ ತೀರಿತು, ಮರಿಗಳಿದ್ದುದರಿಂದ ಹಿತ್ತಲೂ ಬರಿದಾಗಲಿಲ್ಲ.

ತಾಯಂದಿರೇ, ನಿಮ್ಮ ಮನೆಯ ಮಂಕರಿಯನ್ನೂ ಹಗಲು ಹೊತ್ತು ಎತ್ತಿಡಿ. ಮೊದಲ ಮೊಟ್ಟೆ ಬಸುರಿಗೆ, ಬಾಣಂತಿಗೆ, ಮಕ್ಕಳಿಗೆ ಕೊಡಿ. ನನಗೆ ಇನ್ನೂ ನಾಯಂಡಹಳ್ಳಿಗೆ ನಡೆಯುವುದಿದೆ. ನಾನು ಬಂದು ಹೇಳಲಿ ಎಂದು ಕಾಯಬೇಡಿ.