ಅಂಟಿಸಿದ ಲಕೋಟೆ

ಇದನ್ನು ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ ತಿಳಿಯದು. ತಪ್ಪಿದ್ದರೆ ಓದುವವರು ಕ್ಷಮಿಸಬೇಕು.

ಸೈನಿಕರ ಆಸ್ಪತ್ರೆಯಲ್ಲಿ, ಮನೋವೈದ್ಯರ ಕೋಣೆಯ ಹೊರಗೆ ಕೂತು ಒಬ್ಬ ಹೆಂಗಸು ಫಾರಂ ಹಂಚುತ್ತಾಳೆ. ರಜೆಗೆ ಬಂದ ಗಂಡ ಮನೆಯಲ್ಲಿ ಹೇಗಿದ್ದಾನೆಂದು ಹೆಂಡತಿ ಬರೆದುಕೊಡುವ ಫಾರಂ. ಮೊದಲು ಅದು ಗಂಡನ ಮೇಲಧಿಕಾರಿಯ ಕೈ ದಾಟಿಯೇ ವೈದ್ಯರಿಗೆ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಆಕೆಯೂ ಅದನ್ನು ತುಂಬಿದ್ದಳು.

“ಹುಲಿ ಹಾಗಿದ್ದಾನೆ ಅಂತ ಬರಿಯೇ, ಇಲ್ದಿದ್ರೆ ಕೋವಿ ಕಿತ್ಕೊಂಡು ಸೌಟು ಕೊಡ್ತಾರೆ,” ಎಂದು ಗಂಡ ನಕ್ಕಿದ್ದ. ಅವನು ಮಂಚದ ಕೆಳಗೆ ಮಲಗುತ್ತಿದ್ದುದನ್ನು ನುಂಗಿಕೊಂಡು, ನಿದ್ದೆ ಚೆನ್ನಾಗಿದೆ ಎಂದು ಬರೆದಳು. ಬರೆದುಕೊಟ್ಟ ಹನ್ನೊಂದನೆಯ ದಿನ ಅವನು ತನ್ನ ಜೀವ ತಾನೇ ತೆಗೆದುಕೊಂಡ. ಆಮೇಲೆ ಆಕೆ ಅರ್ಜಿಯ ಮೇಲೆ ಅರ್ಜಿ ಬರೆದು, ಕಚೇರಿ ಕಚೇರಿ ಅಲೆದು, ಆ ಫಾರಂಗೊಂದು ಲಕೋಟೆ ಕೊಡಿಸಿದಳು. ಈಗ ಅದನ್ನು ವೈದ್ಯರೊಬ್ಬರೇ ಒಡೆಯುತ್ತಾರೆ.

ಇವತ್ತು ಬಂದ, ಹೊಸದಾಗಿ ಮದುವೆಯಾದ ಹುಡುಗಿಯ ಪೆನ್ನು ನಿದ್ದೆಯ ಪ್ರಶ್ನೆಯಲ್ಲೇ ನಿಂತಿತು.

“ಅಕ್ಕಾ, ಇದನ್ನ ಅವರ ಸಾಹೇಬ್ರು ಓದ್ತಾರಾ?”

“ಇಲ್ಲಮ್ಮ, ಡಾಕ್ಟ್ರು ಮಾತ್ರ.”

“ಎಲ್ರೂ ಹಾಗೇ ಅಂತಾರೆ, ಆಮೇಲೆ ಊರಿಗೆಲ್ಲ ಗೊತ್ತಾಗತ್ತೆ. ನೀವಾಗಿದ್ರೆ ಏನು ಬರೀತಿದ್ರಿ?”

“ಚೆನ್ನಾಗಿದ್ದಾರೆ ಅಂತ ಬರೆದಿದ್ದೆ, ತಾಯಿ. ಆ ಕಾಗದ ಇನ್ನೂ ಇದೆ. ಅವರಿಲ್ಲ.”

ಹುಡುಗಿ ಕೈ ಅಡ್ಡ ಹಿಡಿದು ಏನೋ ಬರೆದು, ಲಕೋಟೆ ಅಂಟಿಸಿ ಕೊಟ್ಟು ಹೋದಳು. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಬಹುದಿತ್ತು. ನೋಡದೆ ವೈದ್ಯರ ಮೇಜಿನ ಮೇಲಿಟ್ಟಳು. ಒಳಗೆ ಏನು ಬರೆದಿತ್ತೆಂದು ಆಕೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.