ಜಾರಿ ಬಿದ್ದವಳ ಮಾತು

ಮೇಸ್ತ್ರಿಯ ಹೆಂಡತಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಸೋಪಿನ ನೀರಿನಿಂದ. ಇದು ಸತ್ಯ. ಆದರೆ ಆ ಮನೆಯಲ್ಲಿ ಸತ್ಯಕ್ಕೆ ಕವಡೆ ಕಿಮ್ಮತ್ತೂ ಉಳಿದಿರಲಿಲ್ಲ, ಹಾಗೆ ಮಾಡಿದವಳೂ ಅವಳೇ. ಮದುವೆಯಾದಾಗಿನಿಂದ ಕಣ್ಣು ಕಪ್ಪಗಾದರೂ ಜಾರಿ ಬಿದ್ದೆ, ತುಟಿ ಒಡೆದರೂ ಜಾರಿ ಬಿದ್ದೆ. ಅಷ್ಟು ಜಾರುವ ನೆಲ ಇನ್ನಾರ ಮನೆಯಲ್ಲೂ ಇರಲಿಕ್ಕಿಲ್ಲ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ನಕ್ಕವರಲ್ಲಿ ಒಬ್ಬರಾದರೂ ಬಂದು ಬಾಗಿಲು ತಟ್ಟಲಿಲ್ಲ, ಅವರ ಬಾಯಿಗೆ ಮಣ್ಣು ಹಾಕ.

ಮೇಸ್ತ್ರಿಗೆ ಕೈ ನಡುಗುವ ಕಾಯಿಲೆ ಹಿಡಿದ ಮೇಲೆ ಹೊಡೆತ ನಿಂತಿತ್ತು. ಈಗ ಅವನು ಲೋಟ ಎತ್ತಿದರೆ ಅರ್ಧ ಚಹಾ ಅಂಗಿಗೆ. ಕಂಡವರೆಲ್ಲ ಪಾಪ, ಸಾಧು ಮನುಷ್ಯ ಅನ್ನುತ್ತಿದ್ದರು.

ಆಸ್ಪತ್ರೆಯವರು ಸೊಂಟಕ್ಕೆ ಕಂಬಿ ಹಾಕಿ ಕಳಿಸಿದ ಮೇಲೆ ತಾಯಿಯನ್ನು ನೋಡಿಕೊಳ್ಳಲು ಮಗಳು ಬಂದಳು. ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ನಡೆಸುವವಳು. ಲಾರಿ ಟೈರನ್ನು ರಿಮ್ಮಿನಿಂದ ಕಿತ್ತು ಬಿಸಾಡುವ ಕೈ. ಅದೇ ಕೈಯಲ್ಲಿ ತಾಯಿಯನ್ನು ಕೂಸಿನಂತೆ ಎತ್ತಿ ಕಕ್ಕಸಿಗೆ ಕೂರಿಸುತ್ತಿದ್ದಳು. ವಾಕರ್ ಹಿಡಿದು ನಿಲ್ಲು ಎಂದರೆ ಮಾತ್ರ ತಾಯಿಗೆ ಜೀವ ಬಾಯಿಗೆ ಬರುತ್ತಿತ್ತು. "ನನ್ನ ಕೈಲಾಗಲ್ಲ ಕಣೇ, ಮತ್ತೆ ಬಿದ್ರೆ ಸೀದಾ ಗುಂಡಿಗೇ."

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಬಂದ ವ್ಯಾಯಾಮ ಮಾಡಿಸುವಾಕೆ ಮುದುಕಿಯ ತೋಳು ಎತ್ತಿಸುತ್ತ, ಕತ್ತಿನ ಕೆಳಗಿನ ಮೂಳೆಯ ಗಂಟನ್ನು ಸವರಿದಳು. "ಇದು ಹಳೇ ಮುರಿತ ಅಲ್ವಾ ಅಮ್ಮಾ?"

"ಅದೂ ಜಾರಿ ಬಿದ್ದಿದ್ದೇ." ಬಾಯಿ ತಾನಾಗಿ ಹೇಳಿಬಿಟ್ಟಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೂಲೆಯಲ್ಲಿ ಕೂತಿದ್ದ ಮೇಸ್ತ್ರಿ ಚಹಾ ಬಿಟ್ಟು ಮೆಲ್ಲಗೆ ಅಡುಗೆಮನೆಗೆ ಎದ್ದು ಹೋದ. ಮಗಳು ಅದನ್ನು ನೋಡಿದಳು. ವ್ಯಾಯಾಮದಾಕೆಯನ್ನು ಕಳಿಸಿ, ಬಾಗಿಲಿಗೆ ಅಗುಳಿ ಹಾಕಿ, ಸೀದಾ ಒಳಗೆ ನಡೆದಳು.

"ಅಮ್ಮನ್ನ ನೀನೇ ತಾನೇ ತಳ್ಳಿದ್ದು?"

"ಆಣೆ ಮಾಡಿ ಹೇಳ್ತೀನಿ ಕಣಮ್ಮಾ, ನಾನು ಮುಟ್ಟಿಲ್ಲ..."

ಮೊದಲ ಏಟಿಗೆ ಪಾತ್ರೆಯ ಸ್ಟ್ಯಾಂಡ್ ಕುಸಿಯಿತು. ಮುಂದಿನದಕ್ಕೆ ಹಲ್ಲಿನ ಸೆಟ್ಟು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಬಿದ್ದದ್ದಕ್ಕೆ ಲೆಕ್ಕವಿಲ್ಲ. "ಸೋಪಂತೆ ಸೋಪು! ಒಂದು ದಿನ, ಒಂದೇ ಒಂದು ದಿನ ಅವಳ ಬಾಯಲ್ಲಿ ನಿಜ ಬರೋಕೆ ಬಿಟ್ಟಿದ್ಯಾ ನೀನು?"

ಮಂಚದ ಮೇಲೆ ಮುದುಕಿ ಕಿವಿಗೊಟ್ಟಳು. ಸುಳ್ಳು ಯಾಕೆ ಹೇಳಬೇಕು, ಹಿತವಾಯಿತು. ಮಾಡಿದ್ದುಣ್ಣೋ ಮಹರಾಯ. ಕೂಗು ನರಳಾಟವಾಯಿತು, ನರಳಾಟ ಗೊರಕೆಯಂಥ ಉಸಿರಾಯಿತು. ಆಗ ಅವಳು ದಿಂಬಿನಿಂದ ತಲೆ ಎತ್ತಿದಳು. ಇವನು ಸತ್ತರೆ ಮಗಳು ಜೈಲಿಗೆ. ಅದೂ ಯಾವುದಕ್ಕೆ? ಅವನು ಮಾಡದೇ ಇದ್ದ ಒಂದೇ ಒಂದು ತಪ್ಪಿಗೆ. ಜೀವನವಿಡೀ ಬಡಿದವನು ಕೊನೆಗೆ ಏನೂ ಅರಿಯದ ಪಾಪದವನಾಗಿ ಸಾಯುವುದೇ? ಅದೊಂದನ್ನು ಅವಳು ಅವನಿಗೆ ಬಿಟ್ಟುಕೊಡಲಾರಳು.

ವಾಕರನ್ನು ಎಳೆದುಕೊಂಡಳು. ಎದ್ದು ನಿಂತಾಗ ಸೊಂಟದೊಳಗೆ ಕಾದ ಕಬ್ಬಿಣ ತಿರುವಿದಂತಾಯಿತು. ಹಲ್ಲು ಕಚ್ಚಿ, ಗೋಡೆಗೆ ಭುಜ ಉಜ್ಜುತ್ತ, ಅಡುಗೆಮನೆಯ ಬಾಗಿಲು ಮುಟ್ಟಿದಳು. ಮೇಸ್ತ್ರಿ ನೆಲದಲ್ಲಿದ್ದ. ಅವನ ಎದೆಯ ಮೇಲೆ ಮಗಳ ಮೊಣಕಾಲು, ಅವಳ ಕೈಯಲ್ಲಿ ಕಬ್ಬಿಣದ ಬಾಣಲೆ.

"ಬಿಡೇ ಅವರನ್ನ."

"ಅಮ್ಮಾ! ನೀನು ನಡ್ಕೊಂಡು ಬಂದ್ಯಾ?" ಮಗಳ ಕೈ ಎತ್ತಿದಲ್ಲೇ ನಿಂತಿತು.

ಮೇಸ್ತ್ರಿ ಬೊಚ್ಚುಬಾಯಿಂದ ರಕ್ತ ಉಗುಳಿದ. "ನೀನಾದ್ರೂ ಹೇಳೇ... ನಾನು ತಳ್ಳಿಲ್ಲ ಅಂತ."

"ಈ ಸಲ ತಳ್ಳಿಲ್ಲ," ಅಂದಳು ಹೆಂಡತಿ.

ಅವನ ಮುಖ ಅರಳಿತು. ಮರುಗಳಿಗೆ 'ಈ ಸಲ' ಎಂದದ್ದು ತಲೆಗೆ ಹೋಗಿ ಮುಖ ಬಿಳಿಚಿಕೊಂಡಿತು.

ಮಗಳು ಬಾಣಲೆಯನ್ನು ಕೆಳಗಿಟ್ಟಳು. "ಮಿಕ್ಕ ಸಲ?"

"ಕುರ್ಚಿ ತಾ. ಕೂತ್ಕೊಂಡು ಹೇಳ್ತೀನಿ."

ಕುರ್ಚಿ ಬಂತು. ನರಳುತ್ತ ಕೂತಳು, ಸೆರಗು ಸರಿಮಾಡಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ, ಯಾವತ್ತಿನ ಮರ್ಯಾದೆಯ ದನಿಯಲ್ಲೇ ಅಂದಳು: "ನೀವೂ ಇಲ್ಲೇ ಇರಿ. ನಾನೇನಾದ್ರೂ ಮರೆತ್ರೆ ನೆನಪು ಮಾಡಿ."